ಮೂರು ಮೊಳದ ತಂತಿಯ ಬೆಲೆ

ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಕಳೆದು, ದೀಪಾವಳಿಯ ತರುವಾಯ ಊರಿಂದೂರಿಗೆ ಸಂಚರಿಸುತ್ತಿದ್ದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ವೇಷಭೂಷಣಗಳ ಪೆಟ್ಟಿಗೆಗಳು ಮರಳಿ ಕ್ಷೇತ್ರಗಳನ್ನು ಸೇರಿದ ಮೇಲೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಬಯಲಾಟವೆಂಬುದು ಮುಂದಿನ ಐದಾರು ತಿಂಗಳ ಮಟ್ಟಿಗೆ ಕಣ್ಣಿನ ವಿಷಯವಾಗಿರದೆ ಬಹುಮಟ್ಟಿಗೆ ಕಿವಿಯ ವಿಷಯವಾಗಿಬಿಡುತ್ತದೆ. ಅಲ್ಲೊಂದು ಇಲ್ಲೊಂದು ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ ನಡೆದೀತು; ಉಳಿದ ರಾತ್ರಿಗಳಲ್ಲಿ ರಸಿಕನಾದವನಿಗೆ ಧ್ವನಿಮುದ್ರಣವೇ ಗತಿ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಂದಿನಿಂದ ಒಂದು ತಲೆಮಾರು ರೇಡಿಯೊದ ಮುಂದೆ ಕುಳಿತು ಅರ್ಥಗಾರಿಕೆಯನ್ನು ಆಸ್ವಾದಿಸಿತು. ಅದರ ಹಿಂದೆಯೇ ಕ್ಯಾಸೆಟ್ಟು ಬಂದು ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಗ್ವಿಲಾಸವನ್ನು ಪೇಟೆಯ ಅಂಗಡಿಯ ಕಪಾಟಿನಿಂದ ಅಡಿಕೆ ಸುಲಿಯುವ ಜಗಲಿಗೆ ತಂದಿತು. ಈಗ ಅದೆಲ್ಲವೂ ಅಂಗೈಯ ಫೋನಿನೊಳಗೆ ಅಡಗಿದೆ. ಆದರೆ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಎಡೆಬಿಡದೆ ಬಡಿಯುತ್ತಿರುವಾಗ ಫೋನಿನ ಪುಟ್ಟ ಸ್ಪೀಕರಿನಿಂದ ಮದ್ದಳೆಯ ಬೆರಳುನುಡಿ ಕೇಳಿಬರುವುದು ಅಸಾಧ್ಯವಾದುದರಿಂದಲೂ, ಮನೆಯ ಉಳಿದವರ ನಿದ್ರೆಗೆ ಭಂಗ ತರಲಾಗದುದರಿಂದಲೂ, ಹೆಡ್‌ಫೋನೆಂಬ ಉಪಕರಣವು ಈ ಕರಾವಳಿಯ ಕಲಾರಸಿಕನಿಗೆ ಬರಿಯ ಭೋಗವಸ್ತುವಾಗಿ ಉಳಿದಿಲ್ಲ.

ಇಂತಹ ಉಪಕರಣವೊಂದನ್ನು ನಾಲ್ಕಾರು ಸಾವಿರವನ್ನೋ ಹತ್ತಿಪ್ಪತ್ತು ಸಾವಿರವನ್ನೋ ತೆತ್ತು ಕೊಂಡವನಿಗೆ, ಕೊಂಡ ಕೆಲವೇ ತಿಂಗಳಲ್ಲಿ ಎರಡನೆಯ ಪ್ರಲೋಭನೆಯೊಂದು ಎದುರಾಗುತ್ತದೆ. ಹೆಡ್‌ಫೋನು ಒಳ್ಳೆಯದೇ, ಆದರೆ ಅದರೊಡನೆ ಬಂದ ತಂತಿ ಸಾಧಾರಣದ್ದು. ಅದನ್ನು ಕಳಚಿ ಶುದ್ಧ ಬೆಳ್ಳಿಯ ತಂತಿಯನ್ನೋ, ಏಕಸ್ಫಟಿಕ ತಾಮ್ರದ ಜಡೆಯನ್ನೋ ತೊಡಿಸಿದರೆ ಮುಸುಕು ಸರಿದಂತೆ ಧ್ವನಿ ಬೆಳಗುವುದೆಂದು ಮಾರಾಟಗಾರರು ಹೇಳುತ್ತಾರೆ. ಸಾಮಾನ್ಯ ತಂತಿಯ ಬೆಲೆ ಐನೂರರಿಂದ ಒಂದೂವರೆ ಸಾವಿರ ರೂಪಾಯಿಯ ಆಸುಪಾಸು. ಈ ವಿಶೇಷ ತಂತಿಗಳಾದರೋ ಹತ್ತು ಸಾವಿರದಿಂದ ಮೊದಲಾಗಿ ಲಕ್ಷವನ್ನೂ ದಾಟುವುದುಂಟು. ಬೆಂಗಳೂರಿನಲ್ಲಿಯೋ ಕೊಲ್ಲಿಯ ನಾಡಿನಲ್ಲಿಯೋ ದುಡಿಯುವ ಮಗನು ಊರಿಗೆ ಬರುವಾಗ ತಂದೆಗೆಂದು ತರುವ ಉಡುಗೊರೆಗಳ ಪಟ್ಟಿಯೊಳಗೂ ಇವು ಈಚೆಗೆ ನುಸುಳಿವೆ. ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿ, ಧ್ವನಿವರ್ಧಕದ ಹಂಗಿಲ್ಲದ ಕಾಲದ ತಾರಶ್ರುತಿಯನ್ನು ಕೊನೆಯವರೆಗೂ ಉಳಿಸಿಕೊಂಡಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡ ಬಳಿಕ ಆ ಕಂಠವನ್ನು ಕೇಳಬೇಕಾದರೆ ಮುದ್ರಿತ ಧ್ವನಿಯೊಂದೇ ದಾರಿಯಾಗಿರುವಾಗ, ಅದನ್ನು ಇನ್ನಷ್ಟು ಸ್ಫುಟವಾಗಿ ಕೇಳಿಸಬಲ್ಲ ತಂತಿಯೊಂದು ಇದೆಯೆಂದರೆ ಯಾರ ಮನಸ್ಸು ತಾನೆ ಚಂಚಲವಾಗದು? ಹಣವನ್ನು ಎಣಿಸುವುದಕ್ಕೆ ಮೊದಲು ತಂತಿಯು ಮಾಡುವ ಕೆಲಸವೇನೆಂಬುದನ್ನು ತುಸು ನಿಧಾನವಾಗಿ ವಿಚಾರಿಸುವುದು ಯುಕ್ತ.

ತಂತಿಯೊಳಗೆ ಹರಿಯುವುದು ಧ್ವನಿಯಲ್ಲ, ಧ್ವನಿಯ ಏರಿಳಿತವನ್ನು ಅನುಸರಿಸಿ ಏರಿಳಿಯುವ ವಿದ್ಯುತ್ತು. ಈ ಪ್ರವಾಹಕ್ಕೆ ಪ್ರತಿಯೊಂದು ಲೋಹವೂ ಅಷ್ಟಿಷ್ಟು ತಡೆಯನ್ನು ಒಡ್ಡುತ್ತದೆ. ತಂತಿ ಉದ್ದವಾದಷ್ಟೂ ತಡೆ ಹೆಚ್ಚು, ದಪ್ಪವಾದಷ್ಟೂ ಕಡಮೆ. ಜರ್ಮನಿಯ ಗೇಯಾರ್ಗ್ ಓಮನು 1827ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಪ್ರೌಢಶಾಲೆಯ ಮಕ್ಕಳೂ ಬಲ್ಲರು; ಲಕ್ಷ ರೂಪಾಯಿಯ ತಂತಿಗೂ ಅದರಿಂದ ವಿನಾಯಿತಿಯಿಲ್ಲ. ಈಗ ಲೆಕ್ಕಕ್ಕೆ ಬರೋಣ. ಹೆಡ್‌ಫೋನಿನ ತಂತಿಯ ಉದ್ದ ಸಾಮಾನ್ಯವಾಗಿ 1.2 ಮೀಟರ್, ಎಂದರೆ ಮೂರು ಮೊಳಕ್ಕೆ ತುಸು ಕಡಮೆ. ಒಳಗಿನ ತಾಮ್ರದ ದಪ್ಪವು ಒಂದು ಮಿಲಿಮೀಟರಿನ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರವೆಂದು, ತೀರ ಸಾಧಾರಣ ತಂತಿಯನ್ನೇ ಹಿಡಿದರೂ, ಪ್ರವಾಹವು ಹೋಗಿ ಹಿಂದಿರುಗುವ ಎರಡೂ ದಾರಿಗಳನ್ನು ಕೂಡಿಸಿ ಅದರ ತಡೆ ಅರ್ಧ ಓಮಿನಷ್ಟಾಗುತ್ತದೆ. ಹೆಡ್‌ಫೋನಿನ ತಡೆಯಾದರೋ ಪ್ರಚಲಿತವಾದವುಗಳಲ್ಲಿ 32 ಓಮಿನ ಆಸುಪಾಸು. ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 600ರಂತಹ ಹೆಸರುವಾಸಿಯಾದುದರಲ್ಲಿ 300 ಓಮ್. 32ರ ಮುಂದೆ ಅರ್ಧವು ಎಷ್ಟೋ ಅಷ್ಟೇ ಪಾಲು ತಂತಿಯಲ್ಲಿ ಸೋರುವುದು. ಧ್ವನಿಯ ಮಟ್ಟದಲ್ಲಿ ಅದು ಡೆಸಿಬಲಿನ ಎಂಟನೆಯ ಒಂದಂಶದಷ್ಟು. 300 ಓಮಿನ ಹೆಡ್‌ಫೋನಿನಲ್ಲಿ ನಷ್ಟವು ಇನ್ನೂ ಹತ್ತು ಪಟ್ಟು ಕಿರಿದು. ಮನುಷ್ಯನ ಕಿವಿ ಸಾಮಾನ್ಯವಾಗಿ ಗುರುತಿಸಬಲ್ಲ ಏರಿಳಿತವು ಒಂದು ಡೆಸಿಬಲಿನ ಸುಮಾರಿನದು; ಅತ್ಯಂತ ನುರಿತ ಕಿವಿಯು ನಿಶ್ಶಬ್ದವಾದ ಕೋಣೆಯಲ್ಲಿ ಅದರ ಅರ್ಧವನ್ನೋ ಇನ್ನೂ ತುಸು ಕಡಮೆಯನ್ನೋ ಹಿಡಿದೀತು. ಇಷ್ಟಕ್ಕೂ ಇಲ್ಲಿ ಆಗುವ ನಷ್ಟವು ಎಲ್ಲ ಸ್ವರಗಳಿಗೂ ಹೆಚ್ಚುಕಡಮೆ ಸಮನಾಗಿ ಆಗುವಂಥದು. ವಾಲ್ಯೂಮಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದು ತುಂಬಿಬರುತ್ತದೆ.

ಹಾಗಾದರೆ ತಂತಿಯೆಂಬುದು ಎಲ್ಲಿಯೂ ಮುಖ್ಯವಲ್ಲವೆ ಎಂದು ಕೇಳಿದರೆ, ಖಂಡಿತವಾಗಿಯೂ ಮುಖ್ಯವೇ. ಅದನ್ನು ತಿಳಿಯಬೇಕಾದರೆ ಮೂಡುಬಿದಿರೆಯ ಕಡಲಕೆರೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳದ ಬಯಲಿಗೋ, ಆಳ್ವಾಸ್ ವಿರಾಸತ್ತಿನ ವಿಶಾಲ ವೇದಿಕೆಯ ಹಿಂಬದಿಗೋ, ಬೆಳ್ತಂಗಡಿಯ ಯಾವುದಾದರೊಂದು ಹಳ್ಳಿಯ ಗದ್ದೆಯಲ್ಲಿ ಹರಕೆಯ ಆಟಕ್ಕೆಂದು ಮೈಕಿನವರು ಸಂಜೆಯ ಹೊತ್ತಿಗೆ ತಂತಿ ಎಳೆಯುವಲ್ಲಿಗೋ ಹೋಗಬೇಕು. ಕೋಣಗಳು ಓಡುವ ಕರೆಯೇ ನೂರು ಮೀಟರಿಗೂ ಮೀರಿದ್ದು. ಅದರ ಒಂದು ತುದಿಯಲ್ಲಿ ಕುಳಿತು ಉದ್ಘೋಷಿಸುವವನ ಮಾತು ಇನ್ನೊಂದು ತುದಿಯ ಪ್ರೇಕ್ಷಕನಿಗೆ ಮುಟ್ಟಬೇಕು. ಒಂದೂವರೆ ಚದರ ಮಿಲಿಮೀಟರ್ ಅಡ್ಡಕೊಯ್ತದ, ಎಂದರೆ ನಮ್ಮ ಮನೆಗಳ ಗೋಡೆಯೊಳಗೆ ದೀಪಕ್ಕೆಂದು ಹಾಕುವ ತಂತಿಯನ್ನೇ ನೂರು ಮೀಟರ್ ಎಳೆದು, ಅದರ ಕೊನೆಗೆ 8 ಓಮಿನ ಸ್ಪೀಕರನ್ನು ಸಿಕ್ಕಿಸಿದೆವೆನ್ನೋಣ. ಹೋಗಿಬರುವ ದಾರಿಯ ತಡೆ ಎರಡೂಕಾಲು ಓಮಿಗೂ ಮೇಲಾಗಿ, ತಂತಿಯಿಲ್ಲದೆಯೇ ಜೋಡಿಸಿದ್ದರೆ ಸ್ಪೀಕರಿಗೆ ಮುಟ್ಟುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ ಸುಮಾರು ನಲ್ವತ್ತು ಪಾಲು ಇಲ್ಲವಾಗುತ್ತದೆ. ಈ ನಷ್ಟವನ್ನು ಬಲ್ಲವರಾದುದರಿಂದಲೇ ಕಹಳೆಯಾಕಾರದ ಧ್ವನಿವರ್ಧಕಗಳನ್ನು ಮರಮರಕ್ಕೆ ಕಟ್ಟುವವರು ಟ್ರಾನ್ಸ್‌ಫಾರ್ಮರಿನ ನೆರವಿನಿಂದ ವೋಲ್ಟೇಜನ್ನು ಏರಿಸಿ, 100 ವೋಲ್ಟಿನ ಲೈನೆಂದು ಕರೆಯಲಾಗುವ ಕ್ರಮದಲ್ಲಿ ಕಳುಹಿಸುತ್ತಾರೆ. ವೋಲ್ಟೇಜು ಏರಿದಾಗ ಅದೇ ಶಕ್ತಿಗೆ ಬೇಕಾಗುವ ಪ್ರವಾಹ ತಗ್ಗುವುದು, ಪ್ರವಾಹ ತಗ್ಗಿದಾಗ ಸಣ್ಣ ತಂತಿಯಲ್ಲಿಯೂ ಸೋರಿಕೆ ಅಲ್ಪವಾಗುವುದು. ಅಡಿಕೆಯ ತೋಟಕ್ಕೆ ನೀರು ಹಾಯಿಸುವವನು ಹೊಳೆಯ ಬದಿಯ ಪಂಪಿನಿಂದ ಗುಡ್ಡದ ನೆತ್ತಿಯವರೆಗಿನ ಪೈಪಿನ ಅಗಲದ ಬಗೆಗೆ ಹತ್ತು ಸಲ ಯೋಚಿಸುತ್ತಾನೆ, ಆದರೆ ತೊಟ್ಟಿಯಿಂದ ಕೊಡಕ್ಕೆ ಬಿಡುವ ಒಂದು ಗೇಣಿನ ಕೊಳವೆಯನ್ನು ಕುರಿತು ತಲೆ ಕೆಡಿಸಿಕೊಳ್ಳುವುದಿಲ್ಲವಷ್ಟೆ.

ಉದ್ದವು ಎಂತಹ ಕಷ್ಟವನ್ನು ತಂದೊಡ್ಡಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ಘನವಾದ ನಿದರ್ಶನವೊಂದುಂಟು. 1858ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿನವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿಯನ್ನು ಹಾಸಿದಾಗ, ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷ ಬುಕ್ಯಾನನ್ನನಿಗೆ ಕಳುಹಿಸಿದ 98 ಪದಗಳ ಸಂದೇಶವು ದಾಟಿಹೋಗಲು ಸುಮಾರು 16 ಗಂಟೆಗಳು ಹಿಡಿದವು. ಸಂಕೇತಗಳು ಸಾವಿರಾರು ಕಿಲೋಮೀಟರುಗಳ ದಾರಿಯಲ್ಲಿ ಒಂದಕ್ಕೊಂದು ಮೆತ್ತಿಕೊಂಡು ಮಸುಕಾಗುತ್ತಿದ್ದವು. ಹೆಚ್ಚು ಒತ್ತಡದಿಂದ ತಳ್ಳಿದರೆ ಸರಿಹೋದೀತೆಂದು ಎರಡು ಸಾವಿರ ವೋಲ್ಟಿನಷ್ಟನ್ನು ಹಾಯಿಸಿ ನೋಡಿದರು. ಕೆಲವೇ ವಾರಗಳಲ್ಲಿ ತಂತಿ ಸತ್ತಿತು. ವಿಲಿಯಂ ಥಾಮ್ಸನ್, ಆಲಿವರ್ ಹೆವಿಸೈಡರಂತಹ ಪ್ರತಿಭಾಶಾಲಿಗಳು ತಂತಿಯೊಳಗಿನ ಸಂಕೇತದ ಗಣಿತವನ್ನು ಶೋಧಿಸಿದ್ದು ಇಂತಹ ಸಂಕಟದ ಫಲವಾಗಿ. ಇಂದು ಮೂರು ಮೊಳದ ತಂತಿಯನ್ನು ಮಾರುವವರು ಆ ಗಣಿತದ ಪಾರಿಭಾಷಿಕ ಪದಗಳನ್ನೇ ಎರವಲು ಪಡೆದು ತಮ್ಮ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿಸುವುದನ್ನು ಕಂಡರೆ ಹೆವಿಸೈಡನು ನಗುತ್ತಿದ್ದನೋ ಕೋಪಿಸುತ್ತಿದ್ದನೋ ಹೇಳಲಾರೆ. ಆತನ ಸ್ವಭಾವವನ್ನು ನೋಡಿದರೆ ಎರಡನೆಯದೇ ಹೆಚ್ಚು ಸಂಭವನೀಯ.

ಮೈಕಿನವರ ವಿಷಯಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು. ಭಾಗವತರ ಮುಂದಿನ ಮೈಕಿನಿಂದ ಹೊರಡುವ ಸಂಕೇತವು ಕೆಲವೇ ಮಿಲಿವೋಲ್ಟುಗಳಷ್ಟು ದುರ್ಬಲವಾದುದು; ಅದು ಜನರೇಟರು, ದೀಪದ ಸರಮಾಲೆ, ಸಂತೆಯ ಅಂಗಡಿಗಳ ವಿದ್ಯುತ್ತು, ಇವೆಲ್ಲವುಗಳ ನಡುವಿನಿಂದ ಮೂವತ್ತು ನಲ್ವತ್ತು ಮೀಟರುಗಳನ್ನು ಕ್ರಮಿಸಬೇಕು. ಆದುದರಿಂದಲೇ ಅಲ್ಲಿ ಎರಡು ತಂತಿಗಳನ್ನು ಒಂದರ ಸುತ್ತ ಒಂದನ್ನು ಹೊಸೆದು, ಮೇಲೆ ಲೋಹದ ಬಲೆಯನ್ನು ಹೊದಿಸಿ, ಮೂರು ಮೊಳೆಗಳ ಪ್ಲಗ್ಗನ್ನು ತೊಡಿಸುತ್ತಾರೆ. ಹೊರಗಿನ ಗದ್ದಲವು ಎರಡೂ ತಂತಿಗಳಿಗೆ ಸಮನಾಗಿ ತಟ್ಟುವುದರಿಂದ, ಇನ್ನೊಂದು ತುದಿಯ ಯಂತ್ರವು ಎರಡರ ಅಂತರವನ್ನು ಮಾತ್ರ ಸ್ವೀಕರಿಸಿ ಗದ್ದಲವನ್ನು ಕಳೆದುಬಿಡುತ್ತದೆ. ಇಷ್ಟು ಜವಾಬ್ದಾರಿಯ ತಂತಿಯನ್ನು ಆರಿಸುವಾಗಲೂ ಈ ವೃತ್ತಿಯವರು ನೋಡುವುದು ಬೆಸುಗೆ ಗಟ್ಟಿಯಿದೆಯೇ, ಹೊದಿಕೆ ಜೀಪಿನ ಚಕ್ರಕ್ಕೆ ತಾಳಿಕೊಂಡೀತೆ, ರಾತ್ರಿಯ ಮಂಜಿನಲ್ಲಿ ನೆನೆದದ್ದನ್ನು ಬೆಳಗ್ಗೆ ಸುತ್ತಿದರೆ ಗಂಟು ಬಿದ್ದೀತೆ ಎಂಬ ಸಂಗತಿಗಳನ್ನೇ. ಬೆಳ್ಳಿಯ ಮಾತು ಅಲ್ಲಿ ಹುಟ್ಟುವುದಿಲ್ಲ. ಹೆಡ್‌ಫೋನಿನಲ್ಲಿ ನಾವು ಬೆರಗಿನಿಂದ ಕೇಳುವ ಪ್ರತಿಯೊಂದು ಪದ್ಯವೂ ಇಂತಹ ಹತ್ತಾರು ಮೀಟರ್ ಸಾಮಾನ್ಯ ತಾಮ್ರದ ತಂತಿಯನ್ನು ದಾಟಿಯೇ ಮುದ್ರಣಗೊಂಡಿರುವಾಗ, ಕೊನೆಯ ಮೂರು ಮೊಳದಲ್ಲಿ ಮಾತ್ರ ಬೆಳ್ಳಿ ಏಕೆ ಬೇಕೆಂಬುದನ್ನು ಮಾರುವವರು ವಿವರಿಸಿದ್ದನ್ನು ನಾನು ಕಂಡಿಲ್ಲ.

ಆ ಬೆಳ್ಳಿಯನ್ನೂ ಒಂದಿಷ್ಟು ಪರೀಕ್ಷಿಸೋಣ. ಲೋಹಗಳಲ್ಲೆಲ್ಲ ವಿದ್ಯುದ್ವಾಹಕತೆಯಲ್ಲಿ ಬೆಳ್ಳಿಯೇ ಮೊದಲನೆಯದೆಂಬುದು ನಿಜ. ಆದರೆ ತಾಮ್ರಕ್ಕಿಂತ ಅದು ಶ್ರೇಷ್ಠವಾಗಿರುವುದು ನೂರಕ್ಕೆ ಐದಾರು ಪಾಲಿನಷ್ಟು ಮಾತ್ರ. ಮೇಲೆ ಹೇಳಿದ ಅರ್ಧ ಓಮಿನ ತಂತಿಯನ್ನು ಅದೇ ದಪ್ಪದ ಬೆಳ್ಳಿಯಲ್ಲಿ ಎಳೆಸಿದರೆ ತಡೆಯು 0.50ರಿಂದ 0.47ಕ್ಕೆ ಇಳಿದೀತು. ಇದೇ ಲಾಭವನ್ನು ತಾಮ್ರವನ್ನು ಕಣ್ಣಿಗೆ ಕಾಣದಷ್ಟು ದಪ್ಪ ಮಾಡಿ ಪಡೆಯಬಹುದು. ಆಮ್ಲಜನಕರಹಿತ ತಾಮ್ರವೆಂಬ ಇನ್ನೊಂದು ಬಿರುದಿದೆ. 1913ರಲ್ಲಿ ತಾಮ್ರದ ವಾಹಕತೆಗೆ ಒಂದು ಅಂತರರಾಷ್ಟ್ರೀಯ ಪ್ರಮಾಣವನ್ನು ಗೊತ್ತುಪಡಿಸಿ ಅದನ್ನು 100 ಎಂದು ಕರೆದರು. ಸಾಮಾನ್ಯ ವಿದ್ಯುತ್ ತಂತಿಯ ತಾಮ್ರವು ಇಂದು ಆ ನೂರನ್ನು ಮುಟ್ಟುತ್ತದೆ, ಆಮ್ಲಜನಕರಹಿತವಾದುದು ನೂರೊಂದನ್ನು ಮುಟ್ಟುತ್ತದೆ. ಇನ್ನು ಪ್ರವಾಹವು ತಂತಿಯ ಮೇಲ್ಮೈಯಲ್ಲಿ ಮಾತ್ರ ಹರಿಯುತ್ತದೆ, ಆದುದರಿಂದ ವಿಶೇಷ ಹೆಣಿಗೆ ಬೇಕು ಎಂಬ ವಾದ. ರೇಡಿಯೊ ಅಲೆಗಳ ಮಟ್ಟಿಗೆ ಇದು ಸತ್ಯವೇ. ಮನುಷ್ಯನ ಕಿವಿಯ ಪರಮಾವಧಿಯಾದ ಸೆಕೆಂಡಿಗೆ 20,000 ಕಂಪನಗಳಲ್ಲಿಯಾದರೋ ತಾಮ್ರದೊಳಕ್ಕೆ ಪ್ರವಾಹವು ಸುಮಾರು ಅರ್ಧ ಮಿಲಿಮೀಟರ್ ಆಳದವರೆಗೆ ಸರಾಗವಾಗಿ ಇಳಿಯುತ್ತದೆ, ಹೆಡ್‌ಫೋನಿನ ತಂತಿಯ ಇಡಿಯ ದಪ್ಪವೇ ಬಹುವಾಗಿ ಅಷ್ಟಿರುವುದಿಲ್ಲ. ತಂತಿಯ ಮೇಲೆ ದಿಕ್ಕಿನ ಬಾಣದ ಗುರುತನ್ನು ಹಾಕಿ ಮಾರುವವರೂ ಇದ್ದಾರೆ; ಸಂಕೇತವು ಪ್ರತಿ ಕ್ಷಣವೂ ಸಾವಿರಾರು ಸಲ ಹಿಂದುಮುಂದಾಗಿ ಓಡಾಡುವ ದಾರಿಗೆ ಬಾಣವೇತಕ್ಕೆಂದು ಕೇಳಿದರೆ ಸಾಕು, ಮುಂದಿನ ಚರ್ಚೆ ಬೇಕಾಗದು.

ಇಷ್ಟೆಲ್ಲ ಹೇಳಿದ ಮೇಲೂ, ಬೆಲೆಬಾಳುವ ತಂತಿಯನ್ನು ತೊಡಿಸಿ ವ್ಯತ್ಯಾಸವನ್ನು ಸ್ವತಃ ಕೇಳಿದೆವೆಂದು ಪ್ರಾಮಾಣಿಕರಾದ ಅನೇಕರು ಹೇಳುತ್ತಾರೆ. ಅವರು ಸುಳ್ಳಾಡುತ್ತಿದ್ದಾರೆಂದು ನಾನು ಎಣಿಸುವುದಿಲ್ಲ. ಕೇಳುವುದು ಕಿವಿಯೊಂದರ ಕೆಲಸವಲ್ಲವೆಂಬುದನ್ನು ತಾಳಮದ್ದಳೆಯ ನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ: ವೇಷವಿಲ್ಲ, ರಂಗವಿಲ್ಲ, ಬಿಳಿಯ ಪಂಚೆಯುಟ್ಟು ಚಾಪೆಯ ಮೇಲೆ ಕುಳಿತ ಅರ್ಥಧಾರಿಯೊಬ್ಬನ ಮಾತಿನಲ್ಲಿ ಸಭೆ ವಾಲಿಯನ್ನೂ ಕರ್ಣನನ್ನೂ ಪ್ರತ್ಯಕ್ಷವಾಗಿ ಕಾಣುತ್ತದೆ. ಮನಸ್ಸಿನ ಸೃಷ್ಟಿಶಕ್ತಿ ಅಷ್ಟು ಪ್ರಬಲವಾಗಿರುವಲ್ಲಿ, ನಲ್ವತ್ತು ಸಾವಿರ ರೂಪಾಯಿ ತೆತ್ತು, ಮಖಮಲ್ಲಿನ ಪೆಟ್ಟಿಗೆಯಿಂದ ಎತ್ತಿ, ವಿಶೇಷವನ್ನು ನಿರೀಕ್ಷಿಸುತ್ತ ಕಣ್ಣು ಮುಚ್ಚಿ ಕುಳಿತವನಿಗೆ ವಿಶೇಷವು ಕೇಳಿಸದಿದ್ದರೆ ಅದೇ ಆಶ್ಚರ್ಯ. ಇದರ ಜೊತೆಗೆ ಬೇರೆ ಕಾರಣಗಳೂ ಕೂಡಿಕೊಳ್ಳುತ್ತವೆ. ಧ್ವನಿಯ ಸೂಕ್ಷ್ಮ ಛಾಯೆಯು ಸ್ಮೃತಿಯಲ್ಲಿ ನಿಚ್ಚಳವಾಗಿ ಉಳಿಯುವುದು ಕೆಲವು ಕ್ಷಣಗಳು ಮಾತ್ರ; ತಂತಿಯನ್ನು ಬದಲಾಯಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹೆಡ್‌ಫೋನನ್ನು ತೆಗೆದು ಮತ್ತೆ ಇಟ್ಟುಕೊಂಡಾಗ ಅದು ಮೊದಲಿದ್ದ ಜಾಗದಲ್ಲಿಯೇ ಕೂರುವುದಿಲ್ಲ; ಕಿವಿಯ ಸುತ್ತಣ ಮೆತ್ತೆಗೂ ಕೆನ್ನೆಗೂ ನಡುವೆ ಕನ್ನಡಕದ ಕಾಲು ಸಿಕ್ಕಿಕೊಂಡು ಸಣ್ಣ ಸಂದು ಬಿಟ್ಟರೆ ಮಂದ್ರದ ನಾದವು ಹಲವು ಡೆಸಿಬಲುಗಳಷ್ಟು ಸೋರಿಹೋಗುತ್ತದೆ. ತಂತಿಯು ತರಬಹುದಾದ ಅತ್ಯಧಿಕ ವ್ಯತ್ಯಾಸಕ್ಕಿಂತ ಇದು ಎಷ್ಟೋ ಪಟ್ಟು ಮಿಗಿಲಾದುದು.

ಈ ಎಲ್ಲ ಮೋಹಗಳಿಂದ ಕಿವಿಯನ್ನು ಬಿಡಿಸಿ ಕೇಳುವ ಉಪಾಯವೆಂದರೆ, ಯಾವ ತಂತಿಯೆಂಬುದನ್ನು ಕೇಳುವವನಿಗೆ ತಿಳಿಸದಿರುವುದು. 2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿಯು, 7,250 ಡಾಲರ್ ಬೆಲೆಯ ಸ್ಪೀಕರ್ ತಂತಿಯ ಜೋಡಿಯೊಂದನ್ನು ಸಾಮಾನ್ಯ ತಂತಿಯಿಂದ ಕಿವಿಯ ಬಲವೊಂದರಿಂದಲೇ ಬೇರ್ಪಡಿಸಿ ತೋರಿದವರಿಗೆ ತನ್ನ ಪ್ರತಿಷ್ಠಾನದ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಕೊಡುವೆನೆಂದು ಸಾರಿದನು. ಅದನ್ನು ಯಾರೂ ಗೆಲ್ಲಲಿಲ್ಲ. ನಮ್ಮ ಓದುಗನಿಗೆ ಅಷ್ಟು ದೊಡ್ಡ ಪಣ ಬೇಕಾಗಿಲ್ಲ. ಗೆಳೆಯನ ಬಳಿಯ ಬೆಲೆಬಾಳುವ ತಂತಿಯನ್ನು ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದು, ತಾನು ಗೋಡೆಯ ಕಡೆಗೆ ಮುಖ ಮಾಡಿ ಕುಳಿತು, ತಂತಿ ಕೈಗೆ ತಾಕದಂತೆಯೂ ಕಣ್ಣಿಗೆ ಬೀಳದಂತೆಯೂ ನೋಡಿಕೊಂಡು, ಮನೆಯವರೊಬ್ಬರು ನಾಣ್ಯವನ್ನು ಚಿಮ್ಮಿ ಅದು ಹೇಳಿದ ತಂತಿಯನ್ನು ಸಿಕ್ಕಿಸುವಂತೆ ಹತ್ತು ಸಲ ಮಾಡಿಸಬೇಕು. ಬರಿಯ ಊಹೆಯಿಂದಲೇ ಐದು ಸಲ ಸರಿಯಾಗುವುದು ಸಹಜ. ಎಂಟು ಸರಿಯಾದರೂ ಬೀಗಬೇಕಾಗಿಲ್ಲ, ಅಂತಹ ಅದೃಷ್ಟವು ನೂರರಲ್ಲಿ ಐದಾರು ಜನಕ್ಕೆ ಒಲಿಯುತ್ತದೆ. ಒಂಬತ್ತೋ ಹತ್ತೋ ಸರಿಯಾದರೆ ಆಗ ಮಾತ್ರ ವಿಚಾರ ಗಂಭೀರವಾದುದು, ಏಕೆಂದರೆ ಆಕಸ್ಮಿಕವಾಗಿ ಹಾಗಾಗುವ ಸಂಭವ ನೂರರಲ್ಲಿ ಒಂದು.

ಗಂಭೀರವಾದುದೆಂದೆನಲ್ಲ, ಅಂತಹ ಪ್ರಸಂಗಗಳೂ ಉಂಟು. ಅವನ್ನು ಮರೆಮಾಚುವುದು ನ್ಯಾಯವಲ್ಲ. ಕಿವಿಯ ಕುಳಿಯೊಳಕ್ಕೆ ತೂರುವ ಇಯರ್‌ಫೋನುಗಳಲ್ಲಿ, ಒಂದೇ ಚಿಪ್ಪಿನೊಳಗೆ ನಾಲ್ಕಾರು ಸೂಕ್ಷ್ಮ ಧ್ವನಿಯಂತ್ರಗಳನ್ನು ಅಡಕಿಸಿದ ಜಾತಿಯವು ಕೆಲವಿವೆ. ಇವುಗಳ ತಡೆಯು ಅತ್ಯಲ್ಪವಾಗಿರುವುದಲ್ಲದೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತಲೂ ಇರುತ್ತದೆ. ಒಂದು ಸ್ವರದಲ್ಲಿ 5 ಓಮ್, ಇನ್ನೊಂದರಲ್ಲಿ 40 ಓಮ್ ಇರುವ ಇಯರ್‌ಫೋನಿಗೆ ಅರ್ಧ ಓಮಿನ ತಂತಿಯನ್ನು ತೊಡಿಸಿದರೆ ಮೊದಲನೆಯದರಲ್ಲಿ ಆಗುವ ನಷ್ಟವು ಎರಡನೆಯದರಲ್ಲಿ ಆಗುವುದಕ್ಕಿಂತ ಡೆಸಿಬಲಿನ ಏಳು ದಶಾಂಶದಷ್ಟು ಹೆಚ್ಚಾಗಿ, ಒಟ್ಟು ನಾದದ ಬಣ್ಣವು ತುಸು ಬದಲಾದೀತು. ಇಲ್ಲಿ ತಂತಿಯನ್ನು ಬದಲಾಯಿಸಿದವನ ಕಿವಿ ನಿಜವನ್ನೇ ಹೇಳುತ್ತಿರಬಹುದು. ಆದರೆ ಇದರ ಪರಿಹಾರವು ತುಸು ದಪ್ಪನೆಯ ತಾಮ್ರ. ಒಂದೂವರೆ ಸಾವಿರ ರೂಪಾಯಿಯ ಒಳಗೆ ಅದು ದೊರೆಯುತ್ತದೆ. ಮತ್ತೊಂದು, ಎಡಬಲ ಕಿವಿಗಳೆರಡಕ್ಕೂ ಹಿಂದಿರುಗುವ ದಾರಿಯಾಗಿ ಒಂದೇ ತಂತಿಯನ್ನು ಇರಿಸಿದ ಅಗ್ಗದ ಕೇಬಲುಗಳಲ್ಲಿ ಎಡದ ಧ್ವನಿಯ ಒಂದಂಶ ಬಲಕ್ಕೆ ಬೆರೆಯುತ್ತದೆ; 32 ಓಮಿನ ಹೆಡ್‌ಫೋನಿನಲ್ಲಿ ಅದು ನೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲವಾದರೂ, ನಾಲ್ಕು ಬೇರೆ ಬೇರೆ ಎಳೆಗಳ ಕೇಬಲಿನಲ್ಲಿ ಇನ್ನಷ್ಟು ಕಡಮೆಯಾಗುವುದು ನಿಜ.

ಆದರೆ ತಂತಿಯಿಂದ ಹುಟ್ಟುವ ಗದ್ದಲಗಳಲ್ಲೆಲ್ಲ ಎಲ್ಲರಿಗೂ ಕೇಳಿಸುವಂಥದು ವಿದ್ಯುತ್ತಿಗೆ ಸಂಬಂಧಿಸಿದ್ದೇ ಅಲ್ಲ. ಇಯರ್‌ಫೋನು ಧರಿಸಿ ನಡೆದಾಡುವಾಗ ತಂತಿಯು ಅಂಗಿಯ ಗುಂಡಿಗೆ ಉಜ್ಜಿ, ಆ ಸವರಿಕೆಯು ತಂತಿಯ ಮೈಯ ಮೂಲಕವೇ ಏರಿ ಕಿವಿಯಲ್ಲಿ ಬುಸುಗುಡುತ್ತದೆ. ಮೆದುವಾದ ಬಟ್ಟೆಯ ಹೊದಿಕೆಯ ತಂತಿಯನ್ನು ಆರಿಸಿ, ಅದನ್ನು ಕಿವಿಯ ಹಿಂಬದಿಯಿಂದ ಸುತ್ತಿ ಇಳಿಬಿಟ್ಟರೆ ಇದು ಬಹುಪಾಲು ಶಮನವಾಗುವುದು. ಗಟ್ಟಿ ಬೆಳ್ಳಿಯ ಹುರಿಯಂತಹ ಬಿರುಸಾದ ದುಬಾರಿ ಜಡೆಗಳು ಈ ವಿಷಯದಲ್ಲಿ ಅಗ್ಗದವುಗಳಿಗಿಂತ ಕೆಡುಕೆಂದು ಹೇಳಲು ನನಗೆ ಸಂಕೋಚವಿಲ್ಲ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ತಂತಿಯ ಶತ್ರು ತೇವಾಂಶ. ಪಾರದರ್ಶಕ ಹೊದಿಕೆಯೊಳಗಿನ ಹೊಂಬಣ್ಣದ ತಾಮ್ರವು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆವರು ತಾಕಿದ ಕಡೆಯೆಲ್ಲ ಹಸುರುಗಟ್ಟುವುದನ್ನು ಬಂಟ್ವಾಳದ ನೇತ್ರಾವತಿಯ ದಡದವರು ಕಂಡೇ ಇರುತ್ತಾರೆ. ಹಸುರಾದ ಮಾತ್ರಕ್ಕೆ ಧ್ವನಿ ಕೆಡುವುದಿಲ್ಲ. ಆದರೆ ತುದಿಯ ಎಳೆಗಳು ಪೆಡಸಾಗಿ ಒಂದೊಂದಾಗಿ ತುಂಡಾಗುತ್ತವೆ, ರಿಪೇರಿಗೆ ಒಯ್ದರೆ ಬೆಸುಗೆ ಹಿಡಿಯುವುದಿಲ್ಲ. ಪ್ಲಗ್ಗಿನ ಮೇಲ್ಮೈ ಕಿಲುಬು ಹಿಡಿದಾಗ ಒಂದು ಕಿವಿ ಆಗಾಗ ಮೌನವಾಗುವುದು, ತಿರುಪಿದರೆ ಕರಕರ ಎನ್ನುವುದು ಎಲ್ಲರ ಅನುಭವ. ಚಿನ್ನದ ಲೇಪಕ್ಕೆ ಇಲ್ಲಿ ಅರ್ಥವುಂಟು, ಚಿನ್ನಕ್ಕೆ ಕಿಲುಬಿಲ್ಲ. ಆದರೆ ಲೇಪವು ಅತಿ ತೆಳುವಾದುದರಿಂದ ಅದರ ಖರ್ಚೂ ಅತ್ಯಲ್ಪ, ಇನ್ನೂರು ರೂಪಾಯಿಯ ಪ್ಲಗ್ಗಿನಲ್ಲಿಯೂ ಅದು ಇರುತ್ತದೆ. ದೊಡ್ಡ ಹೆಡ್‌ಫೋನುಗಳ 6.35 ಮಿಲಿಮೀಟರಿನ ಪ್ಲಗ್ಗಿನ ವಿನ್ಯಾಸವು 1878ರ ಸುಮಾರಿನ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ದಿನಕ್ಕೆ ನೂರಾರು ಸಲ ಚುಚ್ಚಿ ಕೀಳುವುದಕ್ಕೆಂದು ಹುಟ್ಟಿದ್ದು. ಇಷ್ಟು ಕಾಲದ ಮೇಲೂ ಅದನ್ನು ಮೀರಿಸುವ ಜೋಡಣೆ ಬಂದಿಲ್ಲವೆಂದರೆ ಸರಳವಾದ ಬಿಗಿಹಿಡಿತದ ಮಹಿಮೆ ಎಷ್ಟೆಂಬುದು ತಿಳಿದೀತು.

ಧ್ವನಿಯ ಗುಣವು ನಿಜವಾಗಿ ನಿರ್ಣಯವಾಗುವ ಸ್ಥಾನಗಳಾದರೂ ಯಾವುವು? ಮೊದಲನೆಯದು ಮುದ್ರಣ. ಹಳೆಯ ತಾಳಮದ್ದಳೆಗಳಲ್ಲಿ ಹೆಚ್ಚಿನವು ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಅಭಿಮಾನಿಯೊಬ್ಬನು ತೊಡೆಯ ಮೇಲಿರಿಸಿಕೊಂಡ ಟೇಪ್ ರೆಕಾರ್ಡರಿನ ಪುಟ್ಟ ಮೈಕಿನಿಂದ ಹಿಡಿದಂಥವು. ಕ್ಯಾಸೆಟ್ಟಿನ ಸಹಜವಾದ ಬುಸುಗುಟ್ಟುವಿಕೆ, ಪ್ರತಿಯಿಂದ ಪ್ರತಿಯನ್ನೆತ್ತುವಾಗ ಸೇರಿದ ಮಸುಕು, ಅದರ ಮೇಲೆ ಅಂತರ್ಜಾಲಕ್ಕೆ ಏರಿಸುವಾಗಿನ ಕುಗ್ಗಿಸುವಿಕೆ, ಇವೆಲ್ಲ ಸೇರಿ ಆ ಧ್ವನಿಗೆ ಒಂದು ಎಲ್ಲೆಯನ್ನು ಮೊದಲೇ ಹಾಕಿಬಿಟ್ಟಿವೆ. ಬಯಲಾಟದ ಮುದ್ರಣದಲ್ಲಿ ಚೆಂಡೆಯು ಮೈಕಿಗೆ ಒಂದು ಮಾರು ಸಮೀಪವಾದರೆ ಅದರ ಏಟಿಗೆ ಯಂತ್ರವು ತತ್ತರಿಸಿ ಭಾಗವತರ ಸಾಹಿತ್ಯವೇ ಮುಚ್ಚಿಹೋಗುತ್ತದೆ. ಒಡೆದ ಆ ನಾದವನ್ನು ಮತ್ತೆ ಕೂಡಿಸಬಲ್ಲ ತಂತಿ ಯಾವ ಲೋಹದಲ್ಲಿಯೂ ಇಲ್ಲ. ಎರಡನೆಯದು ಹೆಡ್‌ಫೋನು. ಒಂದು ಮಾದರಿಗೂ ಇನ್ನೊಂದಕ್ಕೂ ಕೆಲವು ಸ್ವರಗಳಲ್ಲಿ ಐದು ಹತ್ತು ಡೆಸಿಬಲುಗಳ ಅಂತರವಿರುವುದು ಸಾಮಾನ್ಯ. ಜಾಗಟೆಯ ಕಂಚಿನ ಅನುರಣನವು ಕಿವಿಗೆ ಚುಚ್ಚುವುದೋ ಹಿತವಾಗಿ ಆರುವುದೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ಆದುದರಿಂದ ಹತ್ತು ಸಾವಿರದ ಹೆಡ್‌ಫೋನಿಗೆ ಹತ್ತು ಸಾವಿರದ ತಂತಿಯನ್ನು ಕೊಳ್ಳುವವನಿಗಿಂತ, ಇಪ್ಪತ್ತು ಸಾವಿರದ ಹೆಡ್‌ಫೋನನ್ನು ಅದರೊಡನೆ ಬಂದ ತಂತಿಯಲ್ಲಿಯೇ ಕೇಳುವವನು ಜಾಣ. ಮಿಂಚುವ ಜಡೆಯ ಚೆಲುವಿಗಾಗಿಯೇ ಕೊಳ್ಳುವುದಾದರೆ ಅದು ಬೇರೆ ಮಾತು; ಕೈಗಡಿಯಾರವನ್ನೂ ಯಾರೂ ಸಮಯಕ್ಕಾಗಿ ಮಾತ್ರ ಕೊಳ್ಳುವುದಿಲ್ಲ.

ಕೊನೆಯದಾಗಿ, ತಂತಿಯ ತಲೆಗೆ ಅನ್ಯಾಯವಾಗಿ ಕಟ್ಟಲಾಗುವ ದೋಷವೊಂದನ್ನು ಹೇಳಬೇಕು. ಕಂಪ್ಯೂಟರಿಗೆ ಆಂಪ್ಲಿಫೈಯರನ್ನು ಜೋಡಿಸಿ ಹೆಡ್‌ಫೋನಿನಲ್ಲಿ ಕೇಳುವವರಿಗೆ, ಪದ್ಯ ನಿಂತಾಗಲೆಲ್ಲ ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದೊಂದು ಕೇಳಿಸುವುದುಂಟು; ಅದನ್ನು ಕಳೆಯುವೆವೆಂದು ಹೇಳಿಯೇ ಎಷ್ಟೋ ತಂತಿಗಳು ಮಾರಾಟವಾಗುತ್ತವೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿದೊಡನೆ ಆ ಸದ್ದು ನಿಂತರೆ ತಂತಿಯದು ತಪ್ಪಲ್ಲ, ವಿದ್ಯುತ್ ಸಂಪರ್ಕದ್ದು, ಬಹುಶಃ ಮನೆಯ ಅರ್ಥಿಂಗಿನದು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ತೇವದಿಂದ ತುಂಬಿ ವಿದ್ಯುತ್ತನ್ನು ಸರಾಗವಾಗಿ ಹೀರುವ ಅದೇ ನೆಲ ಮಕರ ಸಂಕ್ರಾಂತಿಯ ಬಳಿಕ ಒಣಗುತ್ತ ಬಂದು, ಮಾರ್ಚ್ ಏಪ್ರಿಲಿನ ಹೊತ್ತಿಗೆ ವಿದ್ಯುತ್ತಿನ ಪಾಲಿಗೆ ಬಹುಮಟ್ಟಿಗೆ ಕಲ್ಲೇ ಆಗುತ್ತದೆ. ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಗೆಯುದ್ದಕ್ಕೂ ವಾರಕ್ಕೆರಡು ಸಲ ನಾಲ್ಕು ಕೊಡ ನೀರು ಸುರಿಯುವ ಹಳಬರ ಪದ್ಧತಿ ಇದಕ್ಕಾಗಿಯೇ ಇದ್ದುದು, ಟೆರೇಸಿನ ಮನೆಗಳು ಬಂದ ಮೇಲೆ ಗುಂಡಿ ಇರುವ ಜಾಗವೇ ಮನೆಯವರಿಗೆ ಮರೆತುಹೋಗಿದೆ. ಬಲ್ಲ ಎಲೆಕ್ಟ್ರಿಶಿಯನ್ನನನ್ನು ಕರೆದು ಅದನ್ನು ಅಳೆಯಿಸಿ ಸರಿಪಡಿಸುವುದಕ್ಕೆ ತಗಲುವ ವೆಚ್ಚವು ಮಧ್ಯಮ ದರ್ಜೆಯ ಬೆಳ್ಳಿ ತಂತಿಯೊಂದರ ಬೆಲೆಗಿಂತ ಕಡಮೆ, ಹೆಡ್‌ಫೋನಿನ ಜೊತೆಗೆ ಮನೆಯವರ ಪ್ರಾಣಕ್ಕೂ ಅದರಿಂದ ರಕ್ಷಣೆ. ಅದು ಆಗುವವರೆಗೆ ಚಾರ್ಜರನ್ನು ಕಳಚಿಟ್ಟು ಬ್ಯಾಟರಿಯ ಬಲದಲ್ಲಿಯೇ ಕೇಳಬಹುದು. ಗುಡುಗು ಮಿಂಚಿನ ಸಂಜೆಗಳಲ್ಲಿ ಹೇಗೂ ಹಾಗೆಯೇ ಮಾಡತಕ್ಕದ್ದು.